ಎದೆನೋವೂ ಐದು ಪ್ರಶ್ನೆಗಳೂ

ರಾತ್ರಿಯ ಊಟವಾದ ಮೇಲೆ ಮನೆಯ ಹಿರಿಯರು ಎದೆಯನ್ನೊತ್ತಿಕೊಂಡು ಕುಳಿತರೆಂದರೆ, ಒಬ್ಬರು ವಾಯುವೆನ್ನುತ್ತಾರೆ. ಇನ್ನೊಬ್ಬರು ಓಮದ ಕಷಾಯ ಕಾಸಲು ಒಳಗೆ ಹೋಗುತ್ತಾರೆ. ಅನೇಕ ವೇಳೆ ಅದು ವಾಯುವೇ ಆಗಿರುವುದೂ ಉಂಟು. ಆದರೆ ಹೃದಯಕ್ಕೆ ರಕ್ತವನ್ನೊಯ್ಯುವ ನಾಳವು ಕಟ್ಟಿಕೊಂಡಾಗಲೂ ನೋವು ಇದೇ ವೇಷದಲ್ಲಿ ಬರುವುದರಿಂದ, ಮನೆಯಲ್ಲಿ ಕುಳಿತು ಇವೆರಡನ್ನು ಬೇರ್ಪಡಿಸುವುದು ಯಾರಿಂದಲೂ ಆಗದು. ಆಸ್ಪತ್ರೆಯಲ್ಲಿ ವೈದ್ಯರು ಹೇಗೆ ಬೇರ್ಪಡಿಸುತ್ತಾರೆಂಬುದನ್ನು ನಮ್ಮ ವಾಚಕರಿಗೆ ತಿಳಿಸಬಯಸುತ್ತೇವೆ.

ರೋಗಿಯು ಬಂದ 10 ನಿಮಿಷಗಳೊಳಗೆ ಇ.ಸಿ.ಜಿ. ತೆಗೆಯತಕ್ಕುದೆಂಬುದು ನಿಯಮ. ನಾಳವು ಪೂರ್ತಿ ಮುಚ್ಚಿಹೋದ ಗುರುತು ಅದರಲ್ಲಿ ಕಂಡರೆ ಲೆಕ್ಕಾಚಾರಕ್ಕೆ ಎಡೆಯಿಲ್ಲ, ಚಿಕಿತ್ಸೆಯೇ ಆರಂಭವಾಗಬೇಕು. ಕಷ್ಟವಿರುವುದು ಗುರುತು ಸ್ಪಷ್ಟವಾಗಿ ಕಾಣದವರ ವಿಷಯದಲ್ಲಿ. ಅವರೆಲ್ಲರನ್ನೂ ಇರಿಸಿಕೊಳ್ಳಲು ಹಾಸಿಗೆಗಳು ಸಾಲವು. ತಪ್ಪಿ ಒಬ್ಬರನ್ನು ಮನೆಗೆ ಕಳುಹಿಸಿದರೆ ಪ್ರಾಣಕ್ಕೇ ಸಂಚಕಾರ. ಈ ಇಕ್ಕಟ್ಟಿಗಾಗಿ ಹಾಲೆಂಡಿನ ವುರ್ಡನ್ ಪಟ್ಟಣದ ವೈದ್ಯರಾದ ಸಿಕ್ಸ್ ಎಂಬವರೂ ಅವರ ಸಂಗಡಿಗರಾದ ಬಾಕಸ್ ಮತ್ತು ಕೆಲ್ಡರ್ ಎಂಬವರೂ 2008ರಲ್ಲಿ ಸುಲಭವಾದೊಂದು ಎಣಿಕೆಯನ್ನು ಪ್ರಕಟಿಸಿದರು. ರೋಗಿಯು ಹೇಳುವ ವೃತ್ತಾಂತ, ಇ.ಸಿ.ಜಿ., ವಯಸ್ಸು, ಅಪಾಯವನ್ನು ಹೆಚ್ಚಿಸುವ ಕಾರಣಗಳು, ಟ್ರೊಪೋನಿನ್ ಎಂಬ ರಕ್ತಪರೀಕ್ಷೆ, ಈ ಐದರ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿದರೆ ಹೃದಯವೆಂಬರ್ಥದ ‘ಹಾರ್ಟ್’ ಎಂಬ ಪದವಾಗುತ್ತದೆ. ಒಂದೊಂದಕ್ಕೂ ಸೊನ್ನೆಯಿಂದ 2ರ ವರೆಗೆ ಅಂಕ. ವಯಸ್ಸು 45ಕ್ಕೆ ಕಡಿಮೆಯಿದ್ದರೆ ಸೊನ್ನೆ, 65 ತುಂಬಿದ್ದರೆ 2, ನಡುವಿನವರಿಗೆ 1.

ಮೊತ್ತವು 3ನ್ನು ಮೀರದಿದ್ದರೆ ಅಪಾಯ ಕಡಿಮೆ. 4ರಿಂದ 6 ಆದರೆ ಇರಿಸಿಕೊಂಡು ನೋಡಬೇಕು. 7 ಅಥವಾ ಹೆಚ್ಚಾದರೆ ತಡಮಾಡಲಾಗದು. ಆ ದೇಶದ 10 ಆಸ್ಪತ್ರೆಗಳಲ್ಲಿ 2,440 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ, ಹೃದಯಾಘಾತ, ಮರಣ, ಇಲ್ಲವೆ ನಾಳವನ್ನು ತೆರೆಯಿಸಬೇಕಾದ ಸ್ಥಿತಿ ಆರು ವಾರಗಳೊಳಗೆ ಒದಗಿದುದು ಮೊದಲ ಗುಂಪಿನಲ್ಲಿ ನೂರಕ್ಕೆ 1.7 ಮಂದಿಗೆ, ಕೊನೆಯ ಗುಂಪಿನಲ್ಲಿ ಸುಮಾರು ಅರ್ಧ ಮಂದಿಗೆ. 1.7 ಎಂಬುದು ಸೊನ್ನೆಯಲ್ಲ. ಮನೆಗೆ ಕಳುಹಿಸಿದವರೂ ನೋವು ಮರಳಿದರೆ ಹಿಂದಿರುಗಿ ಬರಲೇಬೇಕು.

ಐದರಲ್ಲಿ ನಮ್ಮ ಮನಸ್ಸನ್ನು ಸೆಳೆದುದು ಮೊದಲನೆಯದೇ. ಅದನ್ನಳೆಯಲು ಯಂತ್ರವಿಲ್ಲ, ರೋಗಿಯೂ ಮನೆಯವರೂ ಹೇಳಿದಷ್ಟೇ ವೈದ್ಯರಿಗೆ ದೊರೆಯುತ್ತದೆ. ಎದೆಯ ಮೇಲೆ ಕಲ್ಲಿಟ್ಟಂತಹ ಭಾರ, ನಡೆದರೆ ಹೆಚ್ಚಿ ಕುಳಿತರೆ ಇಳಿಯುವ ನೋವು, ತೋಳಿಗೋ ದವಡೆಗೋ ಹರಿಯುವ ಸೆಳೆತ, ತಣ್ಣನೆಯ ಬೆವರು, ಇವು ಅಂಕವನ್ನೇರಿಸುತ್ತವೆ. ನಮ್ಮ ಗೃಹಿಣಿಯರೋ ‘ಏನೋ ಸುಸ್ತು’ ಎಂದು ಮುಗಿಸಿಬಿಡುತ್ತಾರೆ! ಸ್ತ್ರೀಯರಲ್ಲಿಯೂ ಮಧುಮೇಹಿಗಳಲ್ಲಿಯೂ ಕೆಲವೊಮ್ಮೆ ಎದೆನೋವೇ ಇಲ್ಲದೆ ಉಬ್ಬಸ, ಬೆವರು, ಸುಸ್ತುಗಳಷ್ಟೇ ತೋರುವುದರಿಂದ ಆ ಮಾತನ್ನೂ ಬಿಡದೆ ಹೇಳತಕ್ಕುದು. ಯಜಮಾನರು ಮಗನೆದುರಿಗೆ ಬೀಡಿಯ ಸಂಗತಿಯನ್ನು ಮರೆಮಾಚುವುದುಂಟು; ತಂಬಾಕು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್, ಬೊಜ್ಜು, ವಂಶದಲ್ಲಿದ್ದ ಹೃದ್ರೋಗ, ಇವೆಲ್ಲ ನಾಲ್ಕನೆಯ ಪ್ರಶ್ನೆಯ ಸಾಮಗ್ರಿಗಳು.

ಇನ್ನೊಂದು ಮಾತು. ಹೃದಯದ ಮಾಂಸಖಂಡಕ್ಕೆ ಪೆಟ್ಟಾದಾಗ ಟ್ರೊಪೋನಿನ್ ರಕ್ತಕ್ಕೆ ಇಳಿಯುತ್ತದೆ. ಆದರೆ ಅದು ಪರೀಕ್ಷೆಗೆ ಕಾಣುವಷ್ಟು ಏರಲು ಕೆಲವು ಗಂಟೆಗಳು ಹಿಡಿಯಬಹುದು. ಮೊದಲ ಪರೀಕ್ಷೆ ಸರಿಯಾಗಿದೆಯೆಂದು ಮನೆಯವರು ಹೊರಡಲು ಆತುರಪಡುವುದು, ಎರಡನೆಯ ಸಲ ರಕ್ತ ತೆಗೆದರೆ ಹಣಕ್ಕಾಗಿಯೆಂದು ಮುನಿಯುವುದು ನಾವು ಕಂಡ ಸಂಗತಿಗಳೇ. ಹಿಂದಿನದರೊಡನೆ ಹೋಲಿಸಿ ನೋಡಿದಲ್ಲದೆ ಏರಿಕೆ ತಿಳಿಯುವಂತಿಲ್ಲ. ನೋವು ಎಷ್ಟು ಗಂಟೆಗೆ ಮೊದಲಾಯಿತೆಂಬುದನ್ನು ಹೊರಡುವ ಮುನ್ನವೇ ಗಡಿಯಾರ ನೋಡಿ ಗುರುತಿಟ್ಟುಕೊಂಡಿರಬೇಕು. ಆಸ್ಪತ್ರೆಯ ಬಾಗಿಲಲ್ಲಿ ಅದನ್ನೇ ಮೊದಲು ಕೇಳುತ್ತಾರೆ.