ಹಿಂದಿನ ಸೀಟಿಗಾಗಿ ಹುಟ್ಟಿದ ಕಾರು

ಕಾರಿನ ಉದ್ದವನ್ನು ಹತ್ತು ಸೆಂಟಿಮೀಟರಿನಷ್ಟು ಹೆಚ್ಚಿಸಿದರೆ ಯಾರಿಗೆ ಲಾಭ? ಓಡಿಸುವವನಿಗಂತೂ ಅಲ್ಲ. ತಿರುವಿನಲ್ಲಿ, ಕಾರು ನಿಲ್ಲಿಸುವಲ್ಲಿ ಅವನಿಗೆ ತೊಂದರೆಯೇ ಹೆಚ್ಚು. ಲಾಭವೆಲ್ಲ ಹಿಂದೆ ಕುಳಿತವರ ಮೊಣಕಾಲಿಗೆ. ಮುಂದಿನ ಚಕ್ರದ ಅಚ್ಚಿಗೂ ಹಿಂದಿನ ಚಕ್ರದ ಅಚ್ಚಿಗೂ ನಡುವಿನ ದೂರಕ್ಕೆ ವೀಲ್‌ಬೇಸ್ ಎನ್ನುತ್ತಾರೆ. ಅದನ್ನು ಹಿಗ್ಗಿಸಿದ ಕಾರೆಂದರೆ ಮಾಲೀಕ ಸ್ಟೀರಿಂಗ್ ಹಿಡಿಯುವವನಲ್ಲ, ಡ್ರೈವರನ್ನು ಇಟ್ಟುಕೊಂಡವನು ಎಂದು ಲೋಕಕ್ಕೆ ಸಾರುವ ಕಾರು ಎಂದೇ ಅರ್ಥ. ಜರ್ಮನ್ ಕಂಪೆನಿಗಳು ಇಂಥವುಗಳ ಹೆಸರಿನ ಕೊನೆಗೆ 'ಎಲ್' ಅಕ್ಷರವನ್ನು ಸೇರಿಸುತ್ತಿದ್ದವು. 'ಲಾಂಗ್' ಎಂದರೆ ಜರ್ಮನ್ ಭಾಷೆಯಲ್ಲೂ ಉದ್ದವೇ.

1991ರಲ್ಲಿ ಜಿನೀವಾದ ಮೋಟಾರು ಪ್ರದರ್ಶನದಲ್ಲಿ ಮರ್ಸಿಡಿಸ್-ಬೆನ್ಜ್ ಕಂಪೆನಿ ಮುಂದಿಟ್ಟ 600 ಎಸ್‌ಇಎಲ್ ಈ ಜಾತಿಯ ಕಾರುಗಳ ತುತ್ತತುದಿ ಎನ್ನಬೇಕು. ಕಂಪೆನಿಯೊಳಗೆ ಡಬ್ಲ್ಯು 140 ಎಂದು ಕರೆಸಿಕೊಳ್ಳುತ್ತಿದ್ದ ಹೊಸ ಎಸ್-ಕ್ಲಾಸ್ ಶ್ರೇಣಿಯ ಹಿರಿಯಣ್ಣ ಇದು. 3,140 ಮಿಲಿಮೀಟರ್ ವೀಲ್‌ಬೇಸ್. ಒಟ್ಟು ಉದ್ದ 5.2 ಮೀಟರಿಗೂ ತುಸು ಹೆಚ್ಚು, ಅಂದರೆ ನಮ್ಮ ಅಂಬಾಸಿಡರ್‌ಗಿಂತ ಹೆಚ್ಚುಕಡಿಮೆ ಒಂದು ಮೀಟರ್ ಉದ್ದ. ತೂಕ ಎರಡು ಟನ್ನಿಗೂ ಮೇಲೆ. ಈ ಭಾರವನ್ನು ಎಳೆಯಲು 12 ಸಿಲಿಂಡರುಗಳ, 6 ಲೀಟರಿನ, 408 ಅಶ್ವಶಕ್ತಿಯ ಎಂಜಿನ್. ನಿಂತಲ್ಲಿಂದ ಹೊರಟು ಸುಮಾರು ಆರು ಸೆಕೆಂಡುಗಳಲ್ಲಿ ಗಂಟೆಗೆ 100 ಕಿ.ಮೀ. ವೇಗ ಮುಟ್ಟುತ್ತಿತ್ತು. 250 ಕಿ.ಮೀ. ತಲುಪಿದೊಡನೆ ಎಂಜಿನ್ ತಾನಾಗಿ ಕಡಿವಾಣ ಹಾಕಿಕೊಳ್ಳುತ್ತಿತ್ತು. ಅದು ಶಕ್ತಿ ಸಾಲದೆ ಅಲ್ಲ. ಅದಕ್ಕಿಂತ ಮೇಲೆ ಹೋಗುವುದು ಬೇಡವೆಂದು ಜರ್ಮನ್ ಕಂಪೆನಿಗಳು ತಮ್ಮತಮ್ಮಲ್ಲೇ ಮಾಡಿಕೊಂಡಿದ್ದ ಒಪ್ಪಂದ.

ಒಡೆಯ ಹಿಂದೆ ಕುಳಿತು ಪತ್ರಿಕೆ ಓದುವ ಕಾರಿಗೆ ಓಟದ ಕುದುರೆಯ ಶಕ್ತಿ ಏಕೆ? ಮರ್ಸಿಡಿಸ್‌ಗೆ ಈ ಚಟ ಹಳೆಯದು. 1968ರಲ್ಲೇ ಅದು ತನ್ನ ಭಾರೀ ಲಿಮೊಸಿನ್‌ಗೆಂದು ಮಾಡಿದ್ದ 6.3 ಲೀಟರ್ ಎಂಜಿನನ್ನು 300 ಎಸ್‌ಇಎಲ್ ಕಾರಿನೊಳಗೆ ಕೂರಿಸಿತ್ತು. ಆದರೆ ಈ ಸಲ ಕಾರಣ ಬೇರೆ. ಪಕ್ಕದ ಮನೆಯ ದಾಯಾದಿ. 1987ರಲ್ಲಿ ಬಿಎಂಡಬ್ಲ್ಯು 750 ಐಎಲ್ ಎಂಬ ತನ್ನ ಉದ್ದದ ಕಾರಿಗೆ 12 ಸಿಲಿಂಡರುಗಳ, 5 ಲೀಟರಿನ, 300 ಅಶ್ವಶಕ್ತಿಯ ಎಂಜಿನ್ ಹಾಕಿತು. ಎರಡನೆಯ ಮಹಾಯುದ್ಧದ ನಂತರ ಜರ್ಮನಿಯ ಯಾವ ಕಾರಿಗೂ ಅಂಥ ಎಂಜಿನ್ ಇರಲಿಲ್ಲ. ಅದಕ್ಕೆ ಉತ್ತರವಾಗಿ ಮರ್ಸಿಡಿಸ್ ತಾನೂ 12 ಸಿಲಿಂಡರುಗಳಿಗೆ ಕೈಹಾಕಿತು. ಕಾರು ಹೊರಬರುವುದು ತಡವಾಯಿತು, ಖರ್ಚು ಏರಿತು. ಅಷ್ಟರಲ್ಲಿ 1989ರಲ್ಲಿ ಜಪಾನಿನ ಟೊಯೊಟಾ 'ಲೆಕ್ಸಸ್' ಎಂಬ ಹೆಸರಿನಲ್ಲಿ ಸದ್ದಿಲ್ಲದೆ ಓಡುವ ಕಾರನ್ನು ಅಮೆರಿಕದಲ್ಲಿ ಸುಮಾರು 35 ಸಾವಿರ ಡಾಲರಿಗೆ ಮಾರತೊಡಗಿತ್ತು. 600 ಎಸ್‌ಇಎಲ್ ಅಲ್ಲಿಗೆ ಬಂದಾಗ ಅದರ ಬೆಲೆ ಒಂದು ಲಕ್ಷ ಡಾಲರನ್ನೂ ಮೀರಿತ್ತು.

ಆ ಹಣಕ್ಕೆ ಸಿಗುತ್ತಿದ್ದುದು ಮುಖ್ಯವಾಗಿ ನಿಶ್ಶಬ್ದ. ಕಿಟಕಿಗಳಿಗೆ ಎರಡು ಪದರದ ಗಾಜು, ನಡುವೆ ಗಾಳಿ: ಹೊರಗಿನ ಸದ್ದೂ ಒಳಗೆ ಬಾರದು, ಗಾಜಿನ ಮೇಲೆ ಮಂಜೂ ಕಟ್ಟದು. ಬಾಗಿಲನ್ನು ಬಡಿದು ಮುಚ್ಚಬೇಕಿಲ್ಲ. ಮೆಲ್ಲನೆ ತಾಗಿಸಿದರೆ ಉಳಿದಷ್ಟನ್ನು ಯಂತ್ರವೇ ಒಳಗೆಳೆದುಕೊಳ್ಳುತ್ತಿತ್ತು. ರಿವರ್ಸ್ ಗೇರ್ ಹಾಕಿದರೆ ಹಿಂಬದಿಯ ಎರಡು ಮೂಲೆಗಳಲ್ಲಿ ಪುಟ್ಟ ಕಡ್ಡಿಗಳು ಎದ್ದುನಿಂತು 'ಕಾರು ಇಲ್ಲಿಗೆ ಮುಗಿಯಿತು' ಎಂದು ಡ್ರೈವರಿಗೆ ತೋರಿಸುತ್ತಿದ್ದವು. ಕಾರು ಅಷ್ಟು ದೊಡ್ಡದಾಗಿತ್ತು! ಕಣ್ಣಿಗೆ ಕಾಣದ ಇನ್ನೊಂದು ಹೊಸತನವೂ ಇತ್ತು. ಕಾರಿನೊಳಗಿನ ಪುಟ್ಟ ಕಂಪ್ಯೂಟರುಗಳು ಪ್ರತಿಯೊಂದಕ್ಕೂ ಬೇರೆಬೇರೆ ತಂತಿ ಎಳೆಸಿಕೊಳ್ಳದೆ ಒಂದೇ ಜೋಡಿ ತಂತಿಯ ಮೇಲೆ ಸರದಿಯಂತೆ ಮಾತಾಡಿಕೊಳ್ಳುವ ವ್ಯವಸ್ಥೆ ಅದು. ಬೆಂಗಳೂರಿಗೆ ಮೈಕೋ ಕಾರ್ಖಾನೆಯ ಮೂಲಕ ಪರಿಚಿತವಾದ ಜರ್ಮನಿಯ ಬಾಷ್ ಕಂಪೆನಿ ರೂಪಿಸಿದ ಈ ವಿಧಾನ ಮಾರಾಟದ ಕಾರಿಗೆ ಮೊದಲು ಬಂದದ್ದು ಇಲ್ಲಿಯೇ. ಇಂದು ಸಾಮಾನ್ಯ ಕಾರಿನಲ್ಲೂ ಇರುವುದು ಅದೇ ವಿಧಾನ.

ಆದರೆ ಸ್ವಂತ ಊರಿನಲ್ಲಿ ಈ ಕಾರಿಗೆ ಸಿಕ್ಕಿದ್ದು ಮೂದಲಿಕೆ. ಬರ್ಲಿನ್ ಗೋಡೆ ಬಿದ್ದು, ಎರಡು ಜರ್ಮನಿಗಳು 1990ರಲ್ಲಿ ಒಂದಾಗಿದ್ದವು. ಪೂರ್ವವನ್ನು ಮೇಲೆತ್ತುವ ಖರ್ಚಿಗೆಂದು 1991ರ ಜುಲೈಯಲ್ಲಿ ಸರ್ಕಾರ ಹೆಚ್ಚುವರಿ ತೆರಿಗೆ ಹೇರಿತು. ಅಂಥ ಹೊತ್ತಿನಲ್ಲಿ ಬೀದಿಗಿಳಿದ ಈ ಗಜಗಾತ್ರ ಜನರ ಕಣ್ಣು ಕುಕ್ಕಿತು. ಉತ್ತರ ಸಮುದ್ರದ ಜ್ಯೂಲ್ಟ್ ದ್ವೀಪ ಅಲ್ಲಿನ ಸಿರಿವಂತರ ವಿಹಾರತಾಣ. ಅಲ್ಲಿಗೆ ಕಾರುಗಳನ್ನು ರೈಲಿನ ಮೇಲೇರಿಸಿ ಒಯ್ಯುತ್ತಾರೆ. ಹೊಸ ಎಸ್-ಕ್ಲಾಸ್ ಆ ರೈಲಿನ ಬೋಗಿಗೆ ಹಿಡಿಸದಷ್ಟು ಅಗಲವಾಗಿದೆ ಎಂಬ ಸುದ್ದಿ ಪತ್ರಿಕೆಗಳಿಗೆ ಹಬ್ಬದೂಟವಾಯಿತು. ಕಾರಿನ ಸ್ವಂತ ತೂಕವೇ ಅಷ್ಟಿದ್ದುದರಿಂದ ನಾಲ್ವರು ದಢೂತಿ ಗಿರಾಕಿಗಳೂ ಅವರ ಪೆಟ್ಟಿಗೆಗಳೂ ಸೇರಿದರೆ ಕಾನೂನಿನ ಮಿತಿ ಮೀರುತ್ತದೆ ಎಂಬ ಲೆಕ್ಕಾಚಾರವೂ ನಡೆಯಿತು. ಮಿತವ್ಯಯವನ್ನು ಧರ್ಮವೆಂದು ತಿಳಿದ ಆ ನಾಡಿನಲ್ಲಿ ಎಂಜಿನಿಯರರ ಶ್ರದ್ಧೆಯೇ ಅಹಂಕಾರದಂತೆ ಕಂಡದ್ದು ವಿಚಿತ್ರವಾದರೂ ಸುಳ್ಳಲ್ಲ. ದೇಶಾಧಿಪತಿಗಳಿಗೆ ಮಾತ್ರ ಇದು ಹಿಡಿಸಿತು. ರಷ್ಯಾದ ಯೆಲ್ಟ್‌ಸಿನ್ ಇದರಲ್ಲಿ ಓಡಾಡಿದರು. ಎರಡನೆಯ ಜಾನ್ ಪಾಲ್ ಪೋಪ್ ಅವರಿಗೆ 1997ರಲ್ಲಿ ಹಿಂಭಾಗದ ಚಾವಣಿ ತೆರೆಯುವಂಥದ್ದೊಂದನ್ನು ಮಾಡಿಕೊಟ್ಟರು.

ಅದೇ ವರ್ಷದ ಆಗಸ್ಟ್ 31ರಂದು ಪ್ಯಾರಿಸ್ಸಿನ ಸುರಂಗಮಾರ್ಗದಲ್ಲಿ ರಾಜಕುಮಾರಿ ಡಯಾನಾ ಸಾವಿಗೀಡಾದದ್ದೂ ಇದೇ ಶ್ರೇಣಿಯ ಕಾರಿನಲ್ಲಿ. ಅದು ಗಿಡ್ಡ ವೀಲ್‌ಬೇಸಿನ, ಸಣ್ಣ ಎಂಜಿನ್ನಿನ ಎಸ್ 280. ಚಾಲಕನ ಮತ್ತು ಬೆನ್ನಟ್ಟಿದ ವಾಹನಗಳವರ ತೀವ್ರ ನಿರ್ಲಕ್ಷ್ಯವೇ ಕಾರಣವೆಂದು ಲಂಡನ್ನಿನ ಜ್ಯೂರಿ 2008ರಲ್ಲಿ ತೀರ್ಮಾನಿಸಿತು. ಸೀಟ್ ಬೆಲ್ಟ್ ಕಟ್ಟಿಕೊಳ್ಳದಿದ್ದುದೂ ಸಾವಿಗೆ ಕಾರಣವಾಯಿತೆಂದಿತು.

ಈ ಕಾರು ಉಳಿಸಿದ ಜೀವಗಳ ಕಥೆ ಅಷ್ಟು ಪ್ರಸಿದ್ಧವಲ್ಲ. 1995ರಲ್ಲಿ ಇದರ ಎರಡು ಬಾಗಿಲಿನ ಸೋದರ ಎಸ್ 600 ಕೂಪೆಗೆ ಇಎಸ್‌ಪಿ ಎಂಬ ಸಾಧನ ಮೊದಲ ಬಾರಿಗೆ ಬಂತು. ಡ್ರೈವರ್ ಸ್ಟೀರಿಂಗ್ ತಿರುಗಿಸಿದ ಕಡೆಗೇ ಕಾರು ಹೋಗುತ್ತಿದೆಯೇ ಎಂದು ಅದು ಎಡೆಬಿಡದೆ ನೋಡುತ್ತಿರುತ್ತದೆ. ಜಾರುತ್ತಿದೆ ಎನಿಸಿದೊಡನೆ ಯಾವುದಾದರೂ ಒಂದೇ ಚಕ್ರಕ್ಕೆ ಬ್ರೇಕ್ ಒತ್ತಿ ಕಾರನ್ನು ದಾರಿಗೆ ತರುತ್ತದೆ. ಎತ್ತಿನ ಗಾಡಿಯವನು ಒಂದೇ ಕಡೆಯ ಹಗ್ಗ ಜಗ್ಗಿ ಗಾಡಿಯನ್ನು ಹೊರಳಿಸುವ ಹಾಗೆ. ಸಿರಿವಂತರ ಸೊತ್ತಾಗಿಯೇ ಉಳಿಯಬಹುದಾಗಿದ್ದ ಈ ಸಾಧನವನ್ನು ಬೀದಿಗೆ ತಂದದ್ದು ಒಂದು ಅವಮಾನ. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ಮರ್ಸಿಡಿಸ್‌ನ ಪುಟ್ಟ ಎ-ಕ್ಲಾಸ್ ಕಾರನ್ನು ಪರೀಕ್ಷೆಗೊಡ್ಡಿತು. ರಸ್ತೆಗೆ ಅಡ್ಡ ಬಂದ ಕಾಡುಪ್ರಾಣಿಯನ್ನು ತಪ್ಪಿಸುವಂತೆ ಥಟ್ಟನೆ ಎಡಬಲಕ್ಕೆ ತಿರುಗಿಸಿದಾಗ ಕಾರು ಮಗುಚಿಬಿತ್ತು. ಕಂಪೆನಿ ಮಾರಾಟ ನಿಲ್ಲಿಸಿ, ಕಾರನ್ನು ತಿದ್ದಿ, ದೊಡ್ಡಣ್ಣನ ಇಎಸ್‌ಪಿಯನ್ನು ಪ್ರತಿಯೊಂದು ಎ-ಕ್ಲಾಸ್‌ಗೂ ಜೋಡಿಸಿತು. 2014ರ ನವೆಂಬರಿನಿಂದ ಯುರೋಪ್ ಒಕ್ಕೂಟದಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯವಾಯಿತು.

1998ರಲ್ಲಿ ಈ ಶ್ರೇಣಿಯ ಕಾರುಗಳಿಗೆ ತೆರೆ ಬಿತ್ತು. ಹೊತ್ತಿಗೆ ಸುಮಾರು ನಾಲ್ಕು ಲಕ್ಷ ಕಾರುಗಳು ಹೊರಬಂದಿದ್ದವು. ಅದರ ಜಾಗಕ್ಕೆ ಬಂದ ಎಸ್-ಕ್ಲಾಸ್ ಬೇಕೆಂದೇ ಚಿಕ್ಕದಾಗಿತ್ತು, ಹಗುರಾಗಿತ್ತು. ಮರುವರ್ಷ ಇಟಲಿಯ ಪಗಾನಿ ಕಂಪೆನಿ ಜಿನೀವಾ ಪ್ರದರ್ಶನಕ್ಕೆ 'ಜೋಂಡಾ' ಎಂಬ ಓಟದ ಕಾರನ್ನು ತಂದಿತು. ಅದರೊಳಗಿದ್ದುದು ಮರ್ಸಿಡಿಸ್‌ನ ಅದೇ 12 ಸಿಲಿಂಡರುಗಳ ಎಂಜಿನ್. ಆ ಕಾರಿಗೆ ಹಿಂದಿನ ಸೀಟೇ ಇರಲಿಲ್ಲ.