ಹೂಜಿಯಲ್ಲಿ ಉಳಿದ ಮಾತು

ಸ್ಪೇನ್ ದೇಶದ ಸೆವಿಲ್ ನಗರದಲ್ಲಿ, ನದಿಯ ಆಚೆ ದಡದಲ್ಲಿ, ತ್ರಿಯಾನ ಎಂಬ ಹಳೆಯ ಕುಂಬಾರಗೇರಿಯಿದೆ. ಸ್ಪ್ಯಾನಿಷ್ ಕಲಿಯಹೊರಟವರು ಅಲ್ಲಿ ಒಂದು ಗಳಿಗೆ ನಿಂತರೆ, ಮನೆಯ ಗೋಡೆಗಳೇ ಮೊದಲ ಪಾಠವನ್ನು ಹೇಳುತ್ತವೆ.

ಗೋಡೆಗೆ ಹಚ್ಚುವ ಹೊಳಪಿನ ಬಣ್ಣದ ಬಿಲ್ಲೆಗೆ ಅಲ್ಲಿ 'ಅಸುಲೆಹೊ' ಎಂದು ಹೆಸರು. ನೀಲಿ ಬಣ್ಣಕ್ಕೆ 'ಅಸೂಲ್' ಎನ್ನುವುದರಿಂದ, ಇವೆರಡೂ ಒಂದೇ ಮೂಲದವೆಂದು ಹೊಸಬರು ಭ್ರಮಿಸುವುದುಂಟು. ಆದರೆ 'ಅಸುಲೆಹೊ' ಬಂದುದು ನಯಗೊಳಿಸಿದ ಚಿಕ್ಕ ಕಲ್ಲು ಎಂಬರ್ಥದ ಅರಬ್ಬೀ ಪದದಿಂದ. ಮಾಡಿನ ಹೆಂಚಿನ ಹೆಸರೇ ಬೇರೆ. ಅದು 'ತೇಹ', ಲ್ಯಾಟಿನ್ ಮೂಲದ್ದು. ನೆಲಕ್ಕೆ ಹಾಸುವ ಬಿಲ್ಲೆ 'ಬಲ್ದೋಸ'.

ಇನ್ನು ಅಡುಗೆಮನೆಯೊಳಗೆ ಹೋದರೆ ಅರಬ್ಬಿಯದೇ ಸಂಸಾರ! ಕುಂಬಾರನು 'ಅಲ್ಫರೇರೊ', ಹಿಡಿಯುಳ್ಳ ಹೂಜಿ 'ಹರ್ರ', ಬಟ್ಟಲು 'ತಾಸ'. ನೀರು ತಣ್ಣಗಿಡುವ, ಮೆರುಗಿಲ್ಲದ ಮಣ್ಣಿನ ಕೊಡ 'ಅಲ್ಕರ್ರಾಸ'. ಅದರ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುವುದರಿಂದ ಉಳಿದ ನೀರು ತಂಪಾಗುತ್ತದೆ. 'ಹರ್ರ'ಕ್ಕೆ ಮೂಲವಾದ ಅರಬ್ಬೀ ಪದವೇ ಫ್ರೆಂಚ್, ಇಂಗ್ಲಿಷುಗಳನ್ನು ಹಾದು 'ಜಾರ್' ಆಗಿ ನಮ್ಮ ಅಡುಗೆಮನೆಗಳಿಗೂ ಬಂದಿದೆ.

ಈ ಪದಗಳ ಹಿಂದೆ ನೋವಿನ ಚರಿತ್ರೆಯೊಂದಿದೆ. 711ರಲ್ಲಿ ಸ್ಪೇನನ್ನು ಹೊಕ್ಕ ಮುಸ್ಲಿಮರ ಆಳ್ವಿಕೆ 1492ರಲ್ಲಿ ಗ್ರಾನಡದ ಪತನದೊಡನೆ ಮುಗಿಯಿತು. ಉಳಿದವರನ್ನು ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಲಾಯಿತು. 1567ರಲ್ಲಿ ದೊರೆ ಎರಡನೆಯ ಫಿಲಿಪ್ಪನ ಶಾಸನವು ಗ್ರಾನಡದಲ್ಲಿದ್ದ ಅವರಿಗೆ ಮೂರು ವರ್ಷಗಳ ಗಡುವು ನೀಡಿತು. ಅನಂತರ ಬೀದಿಯಲ್ಲಾಗಲಿ ಮನೆಯಲ್ಲಾಗಲಿ ಅರಬ್ಬೀ ಮಾತಾಡುವುದು ಅಪರಾಧ! ಜನ ದಂಗೆಯೆದ್ದರು, ಸೋತರು. ಕೊನೆಗೆ 1609ರಿಂದ 1614ರವರೆಗೆ ಇಡೀ ಸ್ಪೇನಿನಿಂದ ಸುಮಾರು 3 ಲಕ್ಷ ಮಂದಿಯನ್ನು ದೇಶದಿಂದಲೇ ಹೊರದೂಡಲಾಯಿತು. ಮಣ್ಣಿನ ಕೆಲಸ ಬಲ್ಲ ಕುಶಲಿಗಳೂ ಅವರಲ್ಲಿದ್ದರು.

ಆದರೆ ಅವರಿಟ್ಟ ಹೆಸರುಗಳನ್ನು ಹೊರದೂಡುವುದು ಯಾವ ಶಾಸನದಿಂದಲೂ ಆಗಲಿಲ್ಲ. ಅರಬ್ಬಿಯನ್ನು ನಿಷೇಧಿಸಿದವರೂ ಬಾಯಾರಿದಾಗ 'ಹರ್ರ'ವನ್ನೇ ಕೇಳಬೇಕಾಯಿತು. ಅರಮನೆಯ ಗೋಡೆಗೆ 'ಅಸುಲೆಹೊ'ವನ್ನೇ ತರಿಸಬೇಕಾಯಿತು. 1929ರ ಮಹಾ ಪ್ರದರ್ಶನಕ್ಕಾಗಿ ಸೆವಿಲ್‌ನಲ್ಲಿ ಕಟ್ಟಿದ 'ಪ್ಲಾಸ ದೆ ಎಸ್ಪಾನ್ಯ'ದಲ್ಲಿ ಸ್ಪೇನಿನ ಒಂದೊಂದು ಪ್ರಾಂತದ ಕಥೆಯನ್ನೂ ಇಂಥ ಬಿಲ್ಲೆಗಳ ಮೇಲೆಯೇ ಚಿತ್ರಿಸಿದ್ದಾರೆ. ದೇಶದ ಹೆಮ್ಮೆಯನ್ನು ಸಾರುವ ಆ ಗೋಡೆಗಳ ಹೆಸರು, ದೇಶದಿಂದ ಅಟ್ಟಲ್ಪಟ್ಟವರ ನುಡಿಯಲ್ಲಿದೆ.