ಕಚೇರಿಗೆ ಹಬ್ಬ, ಕಾರಿಡಾರಿಗೆ ಸುತ್ತೋಲೆ

ಆಯುಧಪೂಜೆಗೆ ಸರ್ಕಾರಿ ರಜೆ. ಹಾಗಾಗಿ ಸರ್ಕಾರಿ ಕಚೇರಿಗಳ ಆಯುಧಪೂಜೆ ನಡೆಯುವುದು ಹಬ್ಬದ ದಿನವಲ್ಲ, ಅದರ ಹಿಂದಿನ ಕೆಲಸದ ದಿನ, ಅದೂ ಊಟವಾದ ಮೇಲೆ. ಇಲ್ಲಿ ಪಂಚಾಂಗಕ್ಕಿಂತ ರಜಾಪಟ್ಟಿಯ ಮಾತೇ ನಡೆಯುತ್ತದೆ. ಅಂಥದೊಂದು ಮಧ್ಯಾಹ್ನ ಪಾಸು ಮಾಡಿಸಿಕೊಂಡು ವಿಧಾನಸೌಧದ ಒಳಗೆ ಹೋದೆ. ಅರ್ಜಿ ಹಿಡಿದು ಬಂದಿದ್ದ ಒಬ್ಬರಿಗೆ ದಲಾಯತ್ ಹೇಳುತ್ತಿದ್ದ: 'ಇವತ್ತು ಯಾರೂ ಸೀಟಲ್ಲಿಲ್ಲ ಯಜಮಾನ್ರೇ, ಹಬ್ಬ ಮುಗಿಸ್ಕೊಂಡು ಬನ್ನಿ.'

ಕೆಂಗಲ್ ಹನುಮಂತಯ್ಯನವರ ಕನಸಿನ ಈ ಕಟ್ಟಡ 1956ರಲ್ಲಿ ಮುಗಿಯಿತು. ಮುಂಭಾಗದಲ್ಲಿ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಕೆತ್ತಿದೆ. ದೇವರು ಯಾವುದು ಎಂದು ಕೆತ್ತಿಲ್ಲ. ಒಳಗೆ ಹೋದಮೇಲೆ ಅನುಮಾನ ಉಳಿಯುವುದಿಲ್ಲ. ಬಾಗಿಲು ಬಾಗಿಲಿಗೂ ಮಾವಿನ ಸೊಪ್ಪು, ಕಬ್ಬಿಣದ ಬೀರುವಿನ ಹಿಡಿಗೆ ಸೆಣಬಿನ ದಾರದಲ್ಲಿ ಕಟ್ಟಿದ ಬಾಳೆಕಂದು, ನೆಲದ ಮೇಲೆ ಉದುರಿದ ಚೆಂಡುಹೂವಿನ ಎಸಳು. ಕರ್ಪೂರದ ವಾಸನೆ ಹಳೇ ಕಾಗದದ ವಾಸನೆಯನ್ನು ಮೀರಿಸಿತ್ತು.

ಒಂದು ಶಾಖೆಯ ಮೇಜನ್ನು ಹತ್ತಿರದಿಂದ ನೋಡಿದೆ. ಸ್ಟೀಲ್ ತಟ್ಟೆಯಲ್ಲಿ ರಬ್ಬರ್ ಸ್ಟ್ಯಾಂಪುಗಳು, ಇಂಕ್ ಪ್ಯಾಡು, ಸ್ಟೇಪ್ಲರು, ಕಡತಕ್ಕೆ ತೂತು ಹಾಕುವ ಪಂಚು, ಬೀರುವಿನ ಬೀಗದ ಕೈ. ಕಂಪ್ಯೂಟರಿನ ಪರದೆಯ ಮೇಲಂಚಿಗೆ ಮೂರು ಬೆರಳಲ್ಲಿ ಎಳೆದ ವಿಭೂತಿ, ಕೆಳಗಿನ ಸಿಪಿಯುಗೆ ಒಂದು ಮೊಳ ಸೇವಂತಿಗೆ. ಕೆಲಸವೆಲ್ಲ ಇ-ಆಫೀಸಿಗೆ ಬಂದಿದ್ದರೂ ಪೂಜೆಗೆಂದು ಲಾಡಿ ಕಟ್ಟಿದ ಎರಡು ಹಳೇ ಕಡತ ಹೊರತೆಗೆದಿದ್ದರು. 'ಪಾಸ್‌ವರ್ಡಿಗೆ ಕುಂಕುಮ ಇಡೋಕಾಗಲ್ಲವಲ್ಲ ಸಾರ್' ಎಂದರು ಶಾಖಾಧಿಕಾರಿ.

ಗೋಡೆಯ ಮೇಲೆ ಗಾಂಧಿ, ಅಂಬೇಡ್ಕರ್. ಪಕ್ಕದಲ್ಲಿ ಸಂವಿಧಾನದ ಪೀಠಿಕೆಗೆ ಹಾಕಿಸಿದ ಚೌಕಟ್ಟು. ಕಚೇರಿಗಳಲ್ಲಿ ಪೀಠಿಕೆ ಹಾಕಬೇಕೆಂದು 2023ರಲ್ಲಿ ಸರ್ಕಾರ ತೀರ್ಮಾನಿಸಿತ್ತು. ಹೂ ಹಾಕುತ್ತಿದ್ದ ಹುಡುಗ ಸಾಲಾಗಿ ಎಲ್ಲ ಗಾಜಿಗೂ ಕುಂಕುಮ ಇಡುತ್ತ ಬಂದ. ಅಂಬೇಡ್ಕರ್ ಹಣೆಗೂ ಇಟ್ಟ. ಹಿಂದಿನಿಂದ ಬಂದ ಹಿರಿಯ ನೌಕರರೊಬ್ಬರು ಕರವಸ್ತ್ರದಿಂದ ಅದನ್ನು ಒರೆಸಿ, ಹೂವನ್ನು ಮಾತ್ರ ಹಾಗೇ ಬಿಟ್ಟರು. ಯಾರೂ ಮಾತಾಡಲಿಲ್ಲ. ಪೀಠಿಕೆಯ ಗಾಜಿನ ಮೇಲಿನ ಬೊಟ್ಟು ಹಾಗೇ ಇತ್ತು.

ಬೂದುಗುಂಬಳದ ಕಥೆಯೇ ಬೇರೆ. ತೂತು ಕೊರೆದು, ಒಳಗೆ ಕುಂಕುಮ, ಚಿಲ್ಲರೆ ಹಾಕಿ, ಮೇಲೆ ಕರ್ಪೂರ ಹಚ್ಚಿ, ದೃಷ್ಟಿ ತೆಗೆದು ಬಾಗಿಲ ಮುಂದೆ ಒಡೆಯುವುದು ವಾಡಿಕೆ. ಪೇಟೆಯಲ್ಲಿ ಸಿಗುವ ಕುಂಕುಮದಲ್ಲಿ ಬಣ್ಣವೇ ಹೆಚ್ಚು. ನೆಲ ಹಿಡಿದರೆ ತಿಂಗಳಾದರೂ ಬಿಡುವುದಿಲ್ಲ. 2023ರ ಅಕ್ಟೋಬರಿನಲ್ಲಿ ಸರ್ಕಾರ ಇದಕ್ಕೇ ಸುತ್ತೋಲೆ ಹೊರಡಿಸಿತು: ಕಾರಿಡಾರುಗಳಲ್ಲಿ ರಾಸಾಯನಿಕ ಬೆರೆತ ಕುಂಕುಮ, ಅರಿಶಿನ, ಸುಣ್ಣ, ಕುಂಬಳಕಾಯಿ ಬಳಸಬೇಡಿ. ಹಿಂದೂ ವಿರೋಧಿ ಎಂದು ವಿರೋಧ ಪಕ್ಷ ಹರಿಹಾಯ್ದಿತು. ನೆಲ ಹಾಳಾಗದಿರಲಿ ಎಂದಷ್ಟೇ ಹೇಳಿದ್ದೇವೆಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ನನಗೆ ಕಂಡಂತೆ ಅದು ನಿಜವೇ. ತೊಂದರೆ ಇರುವುದೂ ಅಲ್ಲೇ. ಸರ್ಕಾರಿ ಕಚೇರಿಯಲ್ಲಿ ಒಂದು ಧರ್ಮದ ಪೂಜೆ ನಡೆಯಬಹುದೇ ಎಂಬ ಪ್ರಶ್ನೆಯ ಹತ್ತಿರಕ್ಕೂ ಹೋಗದೆ, ಕಲೆಯ ಬಗ್ಗೆ ಮಾತ್ರ ಮಾತಾಡಿ ಜಾರಿಕೊಳ್ಳುವುದು ನಮ್ಮ ಸರ್ಕಾರಗಳಿಗೆ ರೂಢಿಯಾಗಿದೆ. ಇದೇ ಕಟ್ಟಡದ ಮೂರನೇ ಮಹಡಿಯಲ್ಲಿ ಮುಖ್ಯಮಂತ್ರಿ ಕೊಠಡಿಯ ದಕ್ಷಿಣದ ಬಾಗಿಲು ವಾಸ್ತು ಸರಿಯಿಲ್ಲವೆಂದು ವರ್ಷಗಟ್ಟಲೆ ಮುಚ್ಚಿತ್ತು. 2023ರ ಜೂನ್‌ನಲ್ಲಿ ಸಿದ್ದರಾಮಯ್ಯ ಅದನ್ನು ತೆಗೆಸಿ ಅಲ್ಲಿಂದಲೇ ಒಳಗೆ ಹೋದರು. ಮುಚ್ಚಿದ್ದಕ್ಕೂ ತೆಗೆದದ್ದಕ್ಕೂ ಸುತ್ತೋಲೆ ಬೇಕಾಗಲಿಲ್ಲ.

ಪಕ್ಕದ ರಾಜ್ಯದಲ್ಲಿ ಪ್ರಶ್ನೆಯನ್ನು ನೇರವಾಗಿಯೇ ಎತ್ತಿದ್ದರು. ಕಚೇರಿಗಳಿಂದ ದೇವರ ಪಟ ತೆಗೆಯಿರಿ ಎಂದು 1968ರಲ್ಲಿ ಅಣ್ಣಾದೊರೈ ಸರ್ಕಾರ ಆದೇಶಿಸಿತು. ಎಷ್ಟೋ ವರ್ಷದ ಮೇಲೆ ಕಚೇರಿಯ ಆಯುಧಪೂಜೆಯ ವಿರುದ್ಧ ಯಾರೋ ಮದ್ರಾಸ್ ಹೈಕೋರ್ಟಿನ ಮದುರೈ ಪೀಠಕ್ಕೆ ಹೋದಾಗ, ನೌಕರ ತಾನು ದುಡಿಯುವ ಜಾಗಕ್ಕೆ, ಸಲಕರಣೆಗೆ ಗೌರವ ತೋರಿಸಿದರೆ ಜಾತ್ಯತೀತತೆಗೆ ಧಕ್ಕೆಯಿಲ್ಲ ಎಂಬ ಅರ್ಥದ ತೀರ್ಪು ಬಂತು. ವಾದ ಚೆನ್ನಾಗಿದೆ. ಸ್ಟೇಪ್ಲರಿಗೆ ಜಾತಿಯಿಲ್ಲ. ಆದರೆ ತಟ್ಟೆಯ ಹಿಂದೆ ಚಾಮುಂಡಿಯ ಪಟ ಇದ್ದೇ ಇರುತ್ತದೆ.

ವಿಧಾನಸೌಧದಿಂದ ದಕ್ಷಿಣಕ್ಕೆ ನಡೆದರೆ 2005ರಲ್ಲಿ ಆರಂಭವಾದ ವಿಕಾಸಸೌಧ, ಮುಂದೆ ಎಂ.ಎಸ್. ಬಿಲ್ಡಿಂಗು. ಅಲಂಕಾರದಲ್ಲಿ ದೊಡ್ಡ ವ್ಯತ್ಯಾಸವೇನಿಲ್ಲ, ಹೂ ಕಮ್ಮಿ, ಬಣ್ಣದ ಕಾಗದ ಜಾಸ್ತಿ. ಸಾಲಾಗಿ ನಿಂತ ಸರ್ಕಾರಿ ಗಾಡಿಗಳ ಚಕ್ರದಡಿ ನಿಂಬೆಹಣ್ಣು. ಒಬ್ಬ ಚಾಲಕ ಬಾನೆಟ್ಟಿನ ಮೇಲೆ ಹೂ ಇಳಿಬಿಡುತ್ತಿದ್ದ. ತಲೆಯ ಮೇಲೆ ಬಿಳಿ ಟೋಪಿ. 'ತೊಳೆಯೋದು, ಹೂ ಹಾಕೋದು ನಂದು. ಕರ್ಪೂರ ಅವರು ಹಚ್ತಾರೆ' ಎಂದ. ಸೌಹಾರ್ದದ ಭಾಷಣಕ್ಕೆ ಸಿದ್ಧವಸ್ತು ಎಂದುಕೊಳ್ಳುವಷ್ಟರಲ್ಲಿ, ರಂಜಾನಿಗೆ ಇಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. 'ಮನೆಯಿಂದ ಬಿರಿಯಾನಿ ಡಬ್ಬಿ ತರ್ತೀನಿ ಸಾರ್, ನಾಲ್ಕು ಜನ ತಿಂತಾರೆ.'

ಕ್ರಿಸ್‌ಮಸ್ಸಿನದೂ ಅದೇ ಕಥೆ. ಶಾಖೆಯ ಟೈಪಿಸ್ಟ್ ಅಕ್ಕ ಕೇಕು ತರುತ್ತಾರೆ, ಎಲ್ಲರೂ ಸಂತೋಷವಾಗಿ ತಿನ್ನುತ್ತಾರೆ. ಆ ಕೇಕು ಅಕ್ಕನದು, ಬಿರಿಯಾನಿ ಚಾಲಕನದು, ಆಯುಧಪೂಜೆ ಮಾತ್ರ ಕಚೇರಿಯದು. ಇಷ್ಟು ದೊಡ್ಡ ವ್ಯತ್ಯಾಸವನ್ನು ಯಾವ ನಿಯಮವೂ ಮಾಡಿಲ್ಲ, ವಾಡಿಕೆ ಮಾಡಿದೆ. ಚಂದಾ ಪಟ್ಟಿ ಬಂದಾಗ 'ನಿಮ್ಮ ಇಷ್ಟ' ಎನ್ನುತ್ತಾರೆ; ಪಟ್ಟಿಯಲ್ಲಿ ಮೊದಲ ಹೆಸರು ಸಾಹೇಬರದಾದರೆ ಕೆಳಗಿನವರ ಇಷ್ಟ ಎಷ್ಟಿರುತ್ತದೆ? ಇದಕ್ಕೆ ಪೂಜೆ ನಿಲ್ಲಿಸಬೇಕೆಂದೇನೂ ಅಲ್ಲ. ಪಟ್ಟಿಯ ಬದಲು ಮೂಲೆಯಲ್ಲೊಂದು ಡಬ್ಬಿ ಇಟ್ಟರೆ ಸಾಕು, ಯಾರು ಎಷ್ಟು ಹಾಕಿದರೆಂದು ಯಾರಿಗೂ ಕಾಣುವುದಿಲ್ಲ.

ಚಂದಾ ಎತ್ತುವುದಕ್ಕೂ ಕಾರಣವಿದೆ. ಒಂದು ಧರ್ಮದ ಪ್ರಚಾರಕ್ಕೆಂದೇ ಖರ್ಚಾಗುವ ತೆರಿಗೆ ಕಟ್ಟುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 27ನೇ ವಿಧಿ. ನೌಕರರ ಜೇಬಿನಿಂದ ಬಂದರೆ ಆಡಿಟ್ ತಂಟೆಯಿಲ್ಲ. ಇದಕ್ಕೆ ಹೊರತಾದದ್ದನ್ನು ನೋಡಬೇಕಿದ್ದರೆ ಮೆಟ್ರೊ ಹತ್ತಿ ಮೆಜೆಸ್ಟಿಕ್ಕಿಗೆ ಹೋಗಬೇಕು. ಕೆಎಸ್ಆರ್‌ಟಿಸಿ ತನ್ನ ಬಸ್ಸುಗಳ ಪೂಜೆಗೆ ತಾನೇ ದುಡ್ಡು ಕೊಡುತ್ತದೆ, ಲೆಕ್ಕವೂ ಇಡುತ್ತದೆ: ಬಸ್ಸೊಂದಕ್ಕೆ 100 ರೂಪಾಯಿ ಇದ್ದದ್ದು 2024ರಲ್ಲಿ 250 ಆಯಿತು. ಟಿಕೆಟ್ಟಿನ ದುಡ್ಡು ತೆರಿಗೆಯಲ್ಲ ಎನ್ನಬಹುದೇನೋ.

ನಿಲ್ದಾಣದಲ್ಲಿ ಬಂಪರಿಗೆ ಎರಡೂ ಕಡೆ ಬಾಳೆಕಂದು ಕಟ್ಟಿಕೊಂಡು ನಿಂತಿದ್ದ ಬಸ್ಸಿನ ಕಂಡಕ್ಟರನ್ನು ಆ 250ರಲ್ಲಿ ಏನೇನು ಬರುತ್ತದೆ ಎಂದು ಕೇಳಿದೆ. 'ಹಬ್ಬದ ಹಿಂದಿನ ದಿನ ಮಾರ್ಕೆಟ್‌ನಲ್ಲಿ ಸೇವಂತಿಗೆ ಮಾರಿಗೆ ಎಷ್ಟು ಅಂತ ಗೊತ್ತೇನಣ್ಣ?' ಎಂದ. 'ಹಾರ ಕಾರ್ಪೊರೇಷನ್ನಿಂದು. ಕುಂಬಳಕಾಯಿ, ಕಡ್ಲೆಪುರಿ ನಂದು, ಡ್ರೈವರಣ್ಣಂದು.' ಚೀಟಿ ಹರಿಯುತ್ತ ಒಳಗೆ ನಡೆದ. ಹಿಂದಿನ ಸೀಟಿನಲ್ಲಿದ್ದ ಬುರ್ಖಾದ ಹೆಂಗಸೊಬ್ಬರು ಅಷ್ಟರಲ್ಲೇ ಮಗುವಿಗೆ ಕಡ್ಲೆಪುರಿ ಕೇಳುತ್ತಿದ್ದರು. 'ಕೊಡ್ತೀನಕ್ಕ, ಮೊದಲು ಟಿಕೆಟ್ ತಗೊಳ್ಳಿ' ಎಂದ.